ಓರಗಿತ್ತಿಯ ಗಿಟಾರಿನ ಕತ್ತು

ಕಿರಿಯ ಸೊಸೆ ಮೊದಲ ಸಲ ಆ ಮನೆಯ ಹೊಸ್ತಿಲು ತುಳಿದಾಗ ಬಟ್ಟೆಯ ಪೆಟ್ಟಿಗೆಗಳನ್ನೆಲ್ಲ ಮೈದುನ ಹೊತ್ತಿದ್ದ. ಅವಳ ಬೆನ್ನ ಮೇಲಿದ್ದದ್ದು ಒಂದು ಕಪ್ಪು ಚೀಲ ಮಾತ್ರ. ಹಿರಿಯ ಸೊಸೆಗೆ ಅವಳ ಮುಖಕ್ಕಿಂತ ಮೊದಲು ಕಂಡದ್ದು ಆ ಚೀಲವೇ. ನೀರು ಕೊಟ್ಟು, ಕುರ್ಚಿ ಎಳೆದು ಕೂರಿಸಿ, "ಎಲ್ಲಿ, ತೋರ್ಸು ನೋಡೋಣ" ಎಂದಳು. ಗಿಟಾರ್ ಹೊರಬಂದದ್ದೇ ಅದರ ಕತ್ತಿನುದ್ದಕ್ಕೂ ಕೂರಿಸಿದ್ದ ಲೋಹದ ಗೆರೆಗಳನ್ನು, ಅಂದರೆ ಫ್ರೆಟ್ಟುಗಳನ್ನು, ಮನಸ್ಸಿನಲ್ಲೇ ಎಣಿಸಿದಳು. ಇಪ್ಪತ್ನಾಲ್ಕು! ತನ್ನದರಲ್ಲಿ ಇಪ್ಪತ್ತೆರಡೇ. ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡದ್ದು ಆಗಲೇ.

ಹೋಟೆಲಿನ ವಾದ್ಯತಂಡದಲ್ಲಿ ಅಲ್ಲಿಯವರೆಗೆ ಮುಂದೆ ನಿಂತು ನುಡಿಸುತ್ತಿದ್ದವಳು ಹಿರಿಯವಳು. ಓರಗಿತ್ತಿಯೂ ತಂಡ ಸೇರಿ, ಇವಳ ಗಿಟಾರಿಗೆ ಎಟುಕದ ಮೇಲಿನ ಸ್ವರ ಹಿಡಿದು ಚಪ್ಪಾಳೆ ಗಿಟ್ಟಿಸತೊಡಗಿದಳು. ಕೊನೆಗೆ ಮ್ಯಾನೇಜರ್, "ಶನಿವಾರ ಇಬ್ರೂ ಒಂದೊಂದು ನುಡಿಸಿ. ಮುಂದೆ ಯಾರು ನಿಲ್ಬೇಕು ಅಂತ ಆಮೇಲೆ ಹೇಳ್ತೀನಿ" ಎಂದ.

"ಅವಳ ಕೈಯಲ್ಲೇನಿದೆ? ಎಲ್ಲಾ ಆ ಎರಡು ಫ್ರೆಟ್ಟಿನ ಮಹಿಮೆ" ಎಂದು ಹಿರಿಯವಳು ಗಂಡನ ಮುಂದೆ ಸಿಡುಕಿದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಷ್ಟಿದ್ರೆ ಅವಳ ಗಿಟಾರನ್ನೇ ಕೇಳಿ ತಗೋ."

"ಅವಳದ್ದು ಹಿಡ್ಕೊಂಡು ನಿಂತ್ರೆ ಜನ ಏನಂತಾರೆ? ಒಡಲು ನಂದೇ ಇರ್ಲಿ. ಸ್ಕ್ರೂ ಬಿಚ್ಚಿ ಅವಳ ಕತ್ತು ಹಾಕ್ಕೊಂಡ್ರೆ ಸಾಕು."

ಓರಗಿತ್ತಿ ಹಿಂದೆಮುಂದೆ ನೋಡದೆ ಒಪ್ಪಿದಳು. "ತಗೊಳ್ಳಿ ಅಕ್ಕಾ. ನಂದು ಮುಗಿದ ಕೂಡ್ಲೇ ಬಿಚ್ಕೊಳ್ಳಿ." ಆ ಧಾರಾಳವೇ ಇವಳನ್ನು ಇನ್ನಷ್ಟು ಚುಚ್ಚಿತು.

ಎರಡೂ ಕತ್ತುಗಳ ಬುಡದ ಅಗಲ, ಸ್ಕ್ರೂಗಳ ಜಾಗ ತಾಳೆಯಾಗುವುದನ್ನು ಹಿರಿಯವಳು ಮೊದಲೇ ಅಳೆದು ನೋಡಿದ್ದಳು. ಶನಿವಾರ ಓರಗಿತ್ತಿಯ ಸರದಿ ಮುಗಿದ ಮೇಲಿನ ವಿರಾಮದಲ್ಲಿ ಕತ್ತು ಬದಲಾಯಿಸಿ, ತಂತಿಗಳನ್ನು ಶ್ರುತಿ ಮಾಡಿ ವೇದಿಕೆ ಹತ್ತಿದಳು. ಕೆಳಗಿನ ಸ್ವರಗಳು ಹೇಗೋ ನಡೆದವು. ಬೆರಳು ಮೇಲೇರಿದಷ್ಟೂ ಸ್ವರ ಇರಬೇಕಾದದ್ದಕ್ಕಿಂತ ತಗ್ಗುತ್ತ ಬಂತು. ಎರಡು ಫ್ರೆಟ್ಟಿನಷ್ಟು ಹೆಚ್ಚು ಉದ್ದದ ಕತ್ತು ಹೊರಕ್ಕೆ ಚಾಚಿಕೊಂಡು, ಪ್ರತಿ ಫ್ರೆಟ್ಟೂ ಒಡಲ ಮೇಲೆ ತಂತಿ ಕೂರುವ ಬ್ರಿಡ್ಜಿನಿಂದ ದೂರ ಸರಿದಿತ್ತು. ಸ್ಕ್ರೂ ಕೂತರೆ ಸ್ವರವೂ ಕೂರುತ್ತದೆ ಎಂದು ನಂಬಿದ್ದಳು. ಆಸೆಪಟ್ಟ ಆ ಕೊನೆಯ ಸ್ವರವಂತೂ ನರಳಿತು.

"ಅಕ್ಕಾ, ಬೆಕ್ಕಿನ ಬಾಲ ತುಳಿದ್ರಾ?" ಎಂದು ಡ್ರಮ್ ಬಾರಿಸುವವನು ಹಿಂದಿನಿಂದ ಪಿಸುಗುಟ್ಟಿದ.

ಕೆಳಗಿಳಿದಾಗ ಓರಗಿತ್ತಿ ಓಡಿಬಂದಳು. "ನಂಗೂ ಹೊಳೀಲಿಲ್ಲ ಅಕ್ಕಾ. ನಿಮ್ಮ ಕತ್ತು ಹಾಕಿ ಇನ್ನೊಂದು ಸಲ ನುಡಿಸ್ತೀರಂತ ಮ್ಯಾನೇಜರ್‌ಗೆ ಹೇಳ್ಲಾ?"

"ನಿನ್ನ ಕನಿಕರ ನೀನೇ ಇಟ್ಕೋ" ಎಂದು ಹಿರಿಯವಳು ಸ್ಕ್ರೂ ಬಿಚ್ಚತೊಡಗಿದಳು. ಮ್ಯಾನೇಜರ್ ಅವಳನ್ನು ಇನ್ನೊಂದು ಸಲ ನುಡಿಸಲು ಕರೆಯಲಿಲ್ಲ.

ಈಗ ಅವಳು ಅದೇ ತಂಡದಲ್ಲಿ, ಓರಗಿತ್ತಿಯ ಒಂದು ಹೆಜ್ಜೆ ಹಿಂದೆ ನಿಂತು ಎರಡನೇ ಗಿಟಾರ್ ನುಡಿಸುತ್ತಾಳೆ.