ಕತ್ತರಿ ಅಕ್ಕ ಕೊಟ್ಟ ಅಳತೆ

ಬೀದಿಗೆಲ್ಲ ಅವಳು ಕತ್ತರಿ ಅಕ್ಕ. ಬಟ್ಟೆಗಷ್ಟೇ ಅಲ್ಲ, ಮಾತಿಗೂ ಕತ್ತರಿ ಹಾಕುವವಳು. ಕುಡಿತ ಗಂಡನನ್ನು ನುಂಗಿದ ಮೇಲೆ ಒಂದೇ ಹೊಲಿಗೆ ಯಂತ್ರ ತುಳಿದು ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ ಗಟ್ಟಿಗಿತ್ತಿ. ಇಂದಿಗೂ ಮೂಲೆಯ ಹೆಂಡದಂಗಡಿ ಬಂತೆಂದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾಳೆ.

ಈಗೀಗ ಸೂಜಿಗೆ ದಾರ ಪೋಣಿಸಲು ಕಣ್ಣು ಒಪ್ಪುತ್ತಿಲ್ಲ. ಇನ್ನು ಕೂಡಿಟ್ಟದ್ದೇ ಅನ್ನ. ಅದು ಕೈತಪ್ಪಿದರೆ ಮಕ್ಕಳ ಮುಂದೆ ಕೈಯೊಡ್ಡಬೇಕು. ಅದಂತೂ ಅವಳಿಂದಾಗದು. ಹಣಕಾಸಿನ ಸಲಹೆಗಾರ ಬೇಕೆಂದಾಗ ತಮ್ಮ ಓಡೋಡಿ ಬಂದ.

“ನಮ್ಮವನೇ ಇದ್ದಾನಲ್ಲಕ್ಕಾ! ಪ್ರಾರ್ಥನೆಗೆ ನನ್ನ ಪಕ್ಕದಲ್ಲೇ ಕೂರ್ತಾನೆ.”

ಆ ‘ನಮ್ಮವನು’ ಹೊಳೆಯುವ ಪುಸ್ತಿಕೆ ಬಿಡಿಸಿ, ಸಹಿ ಹಾಕುವ ಜಾಗ ತೋರಿಸಿದ.

“ದುಡ್ಡು ಯಾವ ಕಂಪನಿಗೆ ಹೋಗುತ್ತೆ?”

“ಚೆನ್ನಾಗಿ ಬೆಳೀತಿರೋದು ಅಂದ್ರೆ ಬಿಯರು, ಬ್ರಾಂದಿ ಕಂಪನಿಗಳೇ.”

“ಅದೊಂದು ಬೇಡಪ್ಪ.”

ಅವನು ನಕ್ಕುಬಿಟ್ಟ. “ದುಡ್ಡಿಗೆ ಎಂಥ ಪಾಪ-ಪುಣ್ಯ, ಅಕ್ಕಾ?”

ಅಕ್ಕ ಚೀಲ ಎತ್ತಿಕೊಂಡು ಹೊರಟಳು.

ಗಿರಾಕಿಯೊಬ್ಬಳು ಹೇಳಿದ ಇನ್ನೊಬ್ಬ ಸಲಹೆಗಾರ ಔಷಧಿ ಅಂಗಡಿಯ ಮಹಡಿಯಲ್ಲಿದ್ದ. ಅವನ ಧರ್ಮ ಬೇರೆ. ಗೋಡೆಯ ಮೇಲಿದ್ದ ದೇವರ ವಾಕ್ಯ ಇವಳಿಗೆ ಓದಲೂ ಬಾರದು. ಅಕ್ಕ ಕೂತವಳೇ ನೇರ ಕೇಳಿದಳು.

“ನಿಮ್ಮಲ್ಲಿ ಬಡ್ಡಿ ಮುಟ್ಟಬಾರದಂತೆ. ನಂಗೂ ಬೇಡ ಅಂತೀರೋ?”

“ನಾನು ಮುಟ್ಟಲ್ಲಮ್ಮ, ಅದು ನನ್ನ ನಂಬಿಕೆ. ನಿಮ್ಮ ವಯಸ್ಸಿಗೆ ಬ್ಯಾಂಕಿನ ಬಡ್ಡಿನೇ ಕ್ಷೇಮ. ಹೆಚ್ಚಿನ ಪಾಲು ಅಲ್ಲೇ ಇಡೋಣ.” ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದ, “ನಿಮ್ಮ ಮನಸ್ಸು ಒಪ್ಪದೇ ಇರೋದು ಏನಾದ್ರೂ ಇದೆಯಾ? ಮೊದಲೇ ಹೇಳಿಬಿಡಿ.”

ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. “ಹೆಂಡ” ಎಂದಳು ಅಕ್ಕ. “ಅದರ ಕಂಪನಿಗೆ ನನ್ನ ದುಡ್ಡು ಹೋಗಬಾರದು.” ಅವನು ಕಾರಣ ಕೇಳಲಿಲ್ಲ, ಬರೆದುಕೊಂಡ. ಅಕ್ಕ ಅಲ್ಲೇ ಅವನನ್ನು ಗೊತ್ತುಮಾಡಿಕೊಂಡಳು.

ಸುದ್ದಿ ತಿಳಿದು ತಮ್ಮ ಕೆಂಡವಾದ. “ಹೋಗಿ ಹೋಗಿ ಅವನಾ? ಅವನು ನಮ್ಮವನಲ್ಲ!”

“ಅಲ್ಲ ಕಣೋ. ಆದ್ರೆ ನಿನ್ನವನು ಹೊಲಿದಿಟ್ಟ ಅಂಗಿ ತಂದು ನಂಗೆ ತೊಡಿಸೋಕೆ ನೋಡಿದ. ಇವನು ನನ್ನ ಅಳತೆ ತಗೊಂಡ.”



ಬ್ಯಾಂಕಿನ ಕೆಲಸ ಮುಗಿದ ದಿನ ಅಕ್ಕ ಒಬ್ಬಳೇ ನಡೆದು ಬಂದಳು. ಮೂಲೆಯ ಹೆಂಡದಂಗಡಿ ಬಂತು. ತನ್ನ ಬೆವರಿನ ಒಂದು ಕಾಸೂ ಆ ಬಾಗಿಲೊಳಗೆ ಹೋಗುವುದಿಲ್ಲ ಎಂಬ ಹೆಮ್ಮೆ ಅವಳಿಗೆ. ಚೀಲವನ್ನು ಹೆಗಲಿಗೇರಿಸಿದಳು. ಈ ಸಲ ರಸ್ತೆ ದಾಟಲಿಲ್ಲ. ಅದರ ಮುಂದೆಯೇ ನಡೆದುಹೋದಳು.