ದಾಟಿಸದೆ ಬಿಟ್ಟ ಮನೆ

— ಬೆರಳು ತೋರಿಸಿದೆನೋ, ಬಾಯಿಬಿಟ್ಟೇ ಹೇಳಿದೆನೋ, ಅದೇ ಈಗ ನನಗೆ ಸರಿಯಾಗಿ ನೆನಪಿಲ್ಲ. "ಸಿದ್ದೇಶ ಕಿತ್ತ" ಎಂಬ ಎರಡು ಮಾತು ನನ್ನದೇ ದನಿಯಲ್ಲಿ ಕಿವಿಯೊಳಗಿದೆ. ಆದರೆ ಅದು ಬೆಳಗಿನಿಂದ ಸ್ಪೀಕರಿನ ಪಕ್ಕ ನಿಂತಿದ್ದವನ ಕಿವಿ, ಎಷ್ಟೆಂದು ನಂಬುವುದು? ಬೆರಳೋ ಬಾಯೋ, ತಪ್ಪು ನನ್ನದೇ. ಗೋವಿನಕೋವಿಯ ಮದುವೆ ಮೆರವಣಿಗೆಯಲ್ಲಿ ಹಾಡಿಗೆ ಹಾಡು ಕೂಡಿಸುತ್ತಿದ್ದವನು ನಾನಾಗಿರಲಿಲ್ಲ. ಲ್ಯಾಪ್‌ಟಾಪಿನೊಳಗಿನ ಒಂದು ಸಾಫ್ಟ್‌ವೇರ್ ಆ ಕೆಲಸ ಮಾಡುತ್ತಿತ್ತು. ಅದನ್ನು ಮುಚ್ಚಿಟ್ಟೆ. ಮುಚ್ಚಿಡುವುದಕ್ಕಾಗಿ ಗೆಳೆಯನನ್ನು ಜನರ ಬಾಯಿಗೆ ಕೊಟ್ಟೆ.

ಸಿದ್ದೇಶ ಮತ್ತು ನಾನು ಹೊನ್ನಾಳಿಯಲ್ಲಿ ಸೇರಿ ಡಿಜೆ ಸೌಂಡ್ಸ್ ಇಟ್ಟಿದ್ದೆವು. ಒಂದು ಟ್ರಾಲಿ, ಒಂದು ಜನರೇಟರ್, ಸ್ಪೀಕರ್‌ಗಳು, ಇಬ್ಬರಿಗೂ ಸೇರಿ ಒಂದು ಮಿಕ್ಸರ್. ಸಿದ್ದೇಶ ಜಂಬದವನು. ನೆರಳಿನಲ್ಲೂ ಕೂಲಿಂಗ್ ಗ್ಲಾಸ್ ತೆಗೆಯುತ್ತಿರಲಿಲ್ಲ. "ನಾನು ಮುಟ್ಟಿದ್ರೆ ಹಾಡು ಹಾಡು ಬೀಗರಾಗ್ತಾವೆ ಕಣಲೇ" ಎನ್ನುತ್ತಿದ್ದ. ಸುಳ್ಳಾಗಿದ್ದರೆ ನಗಬಹುದಿತ್ತು. ಅವನ ಕೈಯಲ್ಲಿ ನಿಜಕ್ಕೂ ಬೀಗರಾಗುತ್ತಿದ್ದವು — ಡೊಳ್ಳಿನ ಪೆಟ್ಟೊಂದು ಮುಗಿಯುವ ಮೊದಲೇ ಸಿನಿಮಾ ಹಾಡೊಂದು ಅದರ ಹೆಗಲ ಮೇಲೆ ಕೈ ಹಾಕಿಕೊಂಡು ಬಂದುಬಿಡುತ್ತಿತ್ತು. ನನ್ನ ಕೈ ಮಾತ್ರ ಯಾವಾಗಲೂ ಒಂದು ಪೆಟ್ಟು ಹಿಂದೆ. "ನಿನ್ನ ಕೈ ಸಾಸ್ವೆಹಳ್ಳಿ ಬಸ್ಸಿದ್ದಂಗೆ," ಎಂದು ಎಲ್ಲರೆದುರು ಹೇಳುತ್ತಿದ್ದ. "ಬರ್ತೈತೆ, ಇಲ್ಲ ಅನ್ನಂಗಿಲ್ಲ. ಜನ ಮನೀಗೆ ಹೋದ್ಮ್ಯಾಲೆ ಬರ್ತೈತೆ!"

ಅವನ ನಿಜವಾದ ವಿದ್ಯೆ ಬೇರೆಯೇ ಇತ್ತು. ನಾನು ಅದನ್ನು ಮೊದಲು ಕಂಡದ್ದು ಚನ್ನಗಿರಿಯಲ್ಲಿ, ಬುದ್ಧಪೂರ್ಣಿಮೆಯ ಮೆರವಣಿಗೆಯಲ್ಲಿ. ದಾರಿಯಲ್ಲಿ ಸಾವಾದ ಮನೆ ಇದ್ದರೆ ಅದರ ಮುಂದೆ ಸದ್ದು ಇಳಿಸಬೇಕು. ಇದು ನಮ್ಮ ಕಡೆ ಎಲ್ಲ ಡಿಜೆಗಳಿಗೂ ಗೊತ್ತು. ಆದರೆ ಪೂರ್ತಿ ನಿಲ್ಲಿಸಿದರೆ ಮೆರವಣಿಗೆಯ ಕಾಲು ಮುರಿದಂತೆ. ಅದಕ್ಕೇ ನಮ್ಮಲ್ಲೊಬ್ಬ ಮುಂದೆ ನಡೆಯುತ್ತ ಬಾಗಿಲುಗಳನ್ನು ನೋಡುತ್ತಿದ್ದ. ರಂಗೋಲಿ ಇಲ್ಲದ ಅಂಗಳ, ಗೋಡೆಗೆ ಒರಗಿ ಕೂತ ಹೆಂಗಸರು — ಕಂಡ ಕೂಡಲೇ ಟವೆಲ್ ಮೇಲೆತ್ತಬೇಕು. ಟ್ರಾಲಿಯ ಮೇಲಿದ್ದವನು ಆಗ ತಗ್ಗಿಸುತ್ತಾನೆ. ಉಳಿದವರೆಲ್ಲ ಬರೀ ತಗ್ಗಿಸುತ್ತಿದ್ದರು. ಸಿದ್ದೇಶ ಅವತ್ತು ಮೊದಲು ತಳದ ಗುಡುಗನ್ನು ತೆಗೆದ, ಆಮೇಲೆ ತಾಳವನ್ನು, ಆಮೇಲೆ ಹಾಡಿನ ಮಾತನ್ನೇ. ಕೊಳಲಿನ ಒಂದು ಎಳೆ ಮಾತ್ರ ಉಳಿಯಿತು. ಕುಣಿಯುತ್ತಿದ್ದವರು ತಮಗೇ ತಿಳಿಯದೆ ನಡೆಯತೊಡಗಿದರು. ಆ ಮನೆ ಹಿಂದೆ ಸರಿದ ಮೇಲೆ ಒಂದೊಂದನ್ನೇ ಮರಳಿಸಿದ. ಹಾಡು ನಿಂತಿತ್ತೆಂದು ಯಾರಿಗೂ ಅನ್ನಿಸಲಿಲ್ಲ, ಮನೆಯೊಳಗಿದ್ದವರಿಗೆ ಹಾಡು ಬಂದಿತ್ತೆಂದೂ ಅನ್ನಿಸಿರಲಾರದು. "ಇದಕ್ಕೆ ಮನೆ ದಾಟ್ಸೋದು ಅಂತಾರೆ," ಎಂದ, ಗ್ಲಾಸು ಸರಿಮಾಡಿಕೊಳ್ಳುತ್ತ. ಹಾಗೆಂದು ಅವನ ಹೊರತು ಯಾರೂ ಅನ್ನುತ್ತಿರಲಿಲ್ಲ.

ಇನ್ನು ಸಾಫ್ಟ್‌ವೇರ್. ಸಿದ್ದೇಶ ಜನರೇಟರ್ ರಿಪೇರಿಗೆಂದು ಹೋಗಿದ್ದ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬನೇ ಕೂತು ಹಾಕಿ ನೋಡಿದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಡುಗಳನ್ನು ಬೇಕೆಂದೇ ಒಳಗೆ ಸುರಿದು ಆಟೋ ಎಂಬ ಗುಂಡಿ ಒತ್ತಿದೆ. ಅದು ಮುಂದಿನ ಹಾಡಿನ ಎದೆಬಡಿತವನ್ನು ಮೊದಲೇ ಕೇಳಿಕೊಂಡಿರುತ್ತದೆ. ಒಂದನ್ನು ಕೂದಲೆಳೆಯಷ್ಟು ಹಿಗ್ಗಿಸುತ್ತದೆ, ಇನ್ನೊಂದನ್ನು ಕುಗ್ಗಿಸುತ್ತದೆ, ಶ್ರುತಿ ನೋಡುತ್ತದೆ. ಆಮೇಲೆ — ಒಬ್ಬರ ಕಂಕುಳಿನಿಂದ ಇನ್ನೊಬ್ಬರ ಕಂಕುಳಿಗೆ ಮಗುವನ್ನು ದಾಟಿಸಿದ ಹಾಗೆ. ಮಗುವಿಗೆ ಎಚ್ಚರವಾಗಲಿಲ್ಲ. ಶಟರ್ ಅರ್ಧ ಎಳೆದುಕೊಂಡು ಮತ್ತೆ ಮತ್ತೆ ಕೇಳಿದೆ. ಕಣ್ಣಲ್ಲಿ ನೀರು ಬಂದಿತ್ತು ಎಂದು ಬರೆಯಬಹುದು, ಆದರೆ ಅದನ್ನು ಆಮೇಲೆ ಸೇರಿಸಿಕೊಂಡಿರಬೇಕು. ಬೆರಗಂತೂ ನಿಜ. ಇವತ್ತಿಗೂ ಆ ಯಂತ್ರದ ಮೇಲೆ ಒಂದು ಕೆಟ್ಟ ಮಾತು ನನ್ನ ಬಾಯಿಂದ ಬರುವುದಿಲ್ಲ. ನನ್ನ ಕೈಗೆ ಒಲಿಯದ್ದು ಅದಕ್ಕೆ ಒಲಿದಿತ್ತು.

ಸಿದ್ದೇಶನಿಗೆ ಹೇಳಲಿಲ್ಲ. ಗೋವಿನಕೋವಿಯಲ್ಲಿ, "ಇವತ್ತು ನಾನು ಕೂರ್ತೀನಿ, ನೀನು ಮುಂದೆ ನಡಿ" ಎಂದೆ. ಅವನು ನಕ್ಕು ಟವೆಲ್ ಹೆಗಲಿಗೆಸೆದ. "ಹುಷಾರಲೇ, ಮದುಮಗ ಮುದುಕ ಆಗೋದ್ರೊಳಗೆ ಹಾಡು ಬದ್ಲಿಸು."

ಹಾಡು ಬದಲಾಯಿತು. ಮತ್ತೆ ಬದಲಾಯಿತು. ಗಂಡಿನ ಕಡೆಯವರು ಹುಚ್ಚೆದ್ದು ಕುಣಿದರು. ನಾನು ಗುಂಡಿಗಳ ಮೇಲೆ ಬೆರಳಾಡಿಸುತ್ತ ನಟಿಸುತ್ತಿದ್ದೆ, ಯಾವ ಗುಂಡಿಯನ್ನೂ ತಿರುಗಿಸದೆ. ಸಿದ್ದೇಶ ತಿರುಗಿ ನೋಡಿ, ಗ್ಲಾಸನ್ನು ಹಣೆಗೇರಿಸಿ, ಹೆಬ್ಬೆರಳೆತ್ತಿದ. ಅವನು ಅಷ್ಟು ಕಾಲದಲ್ಲಿ ನನ್ನನ್ನು ಮೆಚ್ಚಿದ್ದು ಅದೊಂದೇ ಸಲ — ಅಥವಾ ಆ ಹೆಬ್ಬೆರಳು ಬೇರೆ ಯಾರಿಗೋ ಇತ್ತೋ.

ಮುಂದಿನದನ್ನು ನಿಧಾನವಾಗಿ ಹೇಳಬೇಕು. ನನ್ನ ನೆನಪು ಆ ಸಾಫ್ಟ್‌ವೇರಿನಂತೆಯೇ, ಜೋಡಿಸಿದ ಜಾಗವನ್ನು ಕಾಣದಂತೆ ಮಾಡಿಬಿಡುತ್ತದೆ. ಟವೆಲ್ ನನಗೆ ಕಾಣಲೇ ಇಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಕಂಡಿತ್ತು. ಸಿದ್ದೇಶ ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದಿದ್ದ. ಅದೇ ಹೊತ್ತಿಗೆ ಒಂದು ಹಾಡು ಇನ್ನೊಂದಕ್ಕೆ ಕೂಡಿಕೊಳ್ಳುತ್ತಿತ್ತು, ಯಾರೋ ನನ್ನತ್ತ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಿದ್ದರು, ನಾನು ಎರಡೂ ಕೈ ಗಾಳಿಗೆತ್ತಿದ್ದೆ. ಕೈ ಕೆಳಗಿಳಿಸಿದರೆ ಸಾಕಿತ್ತು. ಇದೊಂದು ಕೂಡಿಕೆ ಮುಗಿಯಲಿ, ಇಷ್ಟು ಚಂದ ಬರುತ್ತಿದೆಯಲ್ಲ ಎಂದುಕೊಂಡೆ.

ಟ್ರಾಲಿ ಆ ಸಾವಿನ ಮನೆಯ ಮುಂದೆ ಬಂತು. ಹೊಸ ಹಾಡಿನ ತಳದ ಗುಡುಗು ಸರಿಯಾಗಿ ಅಲ್ಲಿಯೇ ತಲೆ ಮೇಲೆ ಕಲ್ಲು ಹಾಕಿದಂತೆ ಬಿದ್ದಿತು.

ಸಿದ್ದೇಶ ಓಡಿಬಂದು ಜನರೇಟರಿನ ವೈರ್ ಕಿತ್ತ. ಎಲ್ಲ ನಿಂತಿತು. ಬಾಗಿಲಲ್ಲಿ ತಲೆ ಬೋಳಿಸಿಕೊಂಡ ಒಬ್ಬರು ಬಂದು ನಿಂತರು. ಬಯ್ಯಲಿಲ್ಲ. ನಮ್ಮನ್ನು ನೋಡಿ ಒಳಗೆ ಹೋದರು. ಗಂಡಿನ ಕಡೆಯವರು ಪರವೂರಿನವರು, ಆ ಬಾಗಿಲನ್ನು ಅವರು ಗಮನಿಸಲೇ ಇಲ್ಲ. ಅವರಿಗೆ ಕಂಡದ್ದು ಮೆರವಣಿಗೆಯ ನಡುವೆ ಸತ್ತ ಹಾಡು ಮಾತ್ರ. ಮದುಮಗನ ಸೋದರಮಾವ ಟ್ರಾಲಿ ಹತ್ತಿದರು.

"ಯಾವನಲೇ ಬಂದ್ ಮಾಡ್ದೋನು? ಮದುವಿ ಮಾಡಾಕೆ ಬಂದೀವೋ ಹೆಣ ಎತ್ತಾಕೆ ಬಂದೀವೋ?"

ಆಗ ನಾನು — "ಸಿದ್ದೇಶ ಕಿತ್ತ."

ಅದು ಸುಳ್ಳಲ್ಲ. ಅದೇ ಅದರ ಹೊಲಸು.

"ಕುಡ್ದಿಯೇನಲೇ?" ಎಂದರು ಮಾವ. ಸಿದ್ದೇಶ ನನ್ನ ಕಡೆ ನೋಡಿದ, ಲ್ಯಾಪ್‌ಟಾಪಿನ ಕಡೆ ನೋಡಿದ — ಅಥವಾ ಲ್ಯಾಪ್‌ಟಾಪಿನ ಕಡೆಯಷ್ಟೇ ನೋಡಿದನೋ. ಬ್ಯಾಟರಿಯಿದ್ದ ಪರದೆ ಇನ್ನೂ ಉರಿಯುತ್ತಿತ್ತು. ಮುಂದಿನ ಹಾಡನ್ನು ಅದು ತಾನಾಗಿಯೇ ಸಜ್ಜು ಮಾಡಿಕೊಳ್ಳುತ್ತಿತ್ತು. ಟವೆಲ್ ತೋರಿಸಿದ್ದೆ ಎಂದು ಅವನು ಹೇಳಬಹುದಿತ್ತು. "ಹೌದ್ರೀ, ನಾನೇ. ತಪ್ಪಾತು," ಎಂದಷ್ಟೇ ಅಂದ.

ವಿಡಿಯೊ ಹರಿದಾಡಿತು: ಗಾಳಿಯಲ್ಲಿ ನನ್ನ ಎರಡು ಕೈ, ಕೆಳಗೆ ಗಂಟು ಕಾಣದ ಹಾಡು. ಹೊನ್ನಾಳಿ, ನ್ಯಾಮತಿ ಎರಡೂ ಕಡೆಯಿಂದ ಕರೆ ಬಂದವು. "ನೀವು ಬರ್ರಿ, ಆ ವೈರ್ ಕೀಳೋನು ಬ್ಯಾಡ," ಎನ್ನುತ್ತಿದ್ದರು. ನಾನು ಹೋದೆ. ಸಿದ್ದೇಶ ಕೆಲವು ಕಾಲ ಅಂಗಡಿಗೆ ಬಂದು ಕೂರುತ್ತಿದ್ದ, ಆಮೇಲೆ ಬರಲಿಲ್ಲ. ಹೆಂಡತಿಯ ಊರು ಸೊಕ್ಕೆಗೆ ಹೋದನೆಂದು ತಿಳಿಯಿತು. ಅವನು ಮತ್ತೆ ಮಿಕ್ಸರ್ ಮುಟ್ಟಲಿಲ್ಲ. ಮನೆ ದಾಟಿಸುವುದನ್ನು ಅಷ್ಟು ಚೆನ್ನಾಗಿ ಮಾಡಿದವರನ್ನು ಅವನ ನಂತರ ನಾನು ಕಂಡಿಲ್ಲ.

ಈಚೆಗೆ ಜಗಳೂರಿನಲ್ಲೊಂದು ಮದುವೆಗೆ ನೆಂಟನಾಗಿ ಹೋಗಿದ್ದೆ. ಮೆರವಣಿಗೆಯ ಅಂಚಿನಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಸಿದ್ದೇಶ ನಿಂತಿದ್ದ. ಈಗ ಈರುಳ್ಳಿ ಸಾಗಿಸುವ ಗಾಡಿ ಓಡಿಸುತ್ತಾನೆ. ಭುಜಕ್ಕೊಂದು ಗುದ್ದು ಕೊಟ್ಟ. "ಬಂದ್ಯಾ? ಜನ ಮನೀಗೆ ಹೋಗೋಕೆ ಮುಂಚೇನೇ ಬಂದೀಯಲ್ಲೋ!"

ಇಬ್ಬರೂ ನಿಂತು ಹಾಡು ಕೇಳಿದೆವು.

"ಎಂಥಾ ಚಂದ ಹೊಲಿತೈತೆ ನೋಡಲೇ ಮಷಿನ್ನು," ಎಂದ. ಅವನ ದನಿಯಲ್ಲಿ ಕಹಿಯಿರಲಿಲ್ಲ, ಅಂದು ಶಟರ್ ಎಳೆದುಕೊಂಡು ಕೂತಾಗಿನ ನನ್ನದೇ ಬೆರಗಿತ್ತು.

"ಮಷಿನ್ ಅಂತ ಹೆಂಗೆ ಗೊತ್ತಾತು?"

"ಆ ಡಿಜೆ ಕೈ ನೋಡು. ಹಾಡು ಕೂಡೋ ಹೊತ್ನಾಗೆ ಗಾಳ್ಯಾಗದಾವೆ." ನಕ್ಕ. "ಉಂಡ್ಯಾ? ನಡಿ, ಪಂಕ್ತಿ ತುಂಬತೈತೆ."

ನಾನು ಬಾಯಿ ತೆರೆದೆ. ಅವನು ಆಗಲೇ ನಡೆದಿದ್ದ. ಪಕ್ಕಪಕ್ಕದಲ್ಲೇ ಕೂತು ಉಂಡೆವು, ಅನ್ನ ಬಡಿಸುವವನನ್ನು ಅವನು ತನ್ನ ಎಲೆಗೂ ನನ್ನ ಎಲೆಗೂ ಸೇರಿಸಿ ಗದರಿಸಿದ.

ಸೊಕ್ಕೆಗೆ ಹೋಗಿ ಇದನ್ನೆಲ್ಲ ಅವನೆದುರೇ ಹೇಳುತ್ತೇನೆ. ಆಮೇಲೆ ಗೋವಿನಕೋವಿಯ ಆ ಮನೆಗೆ, ಅವನು ಬಂದರೆ ಅವನ ಜೊತೆಗೆ. ಆ ದಿನ ಉರಿಯುತ್ತಿದ್ದ ಪರದೆಯಲ್ಲಿ ಅವನು ಏನು ಕಂಡನೋ, ಕಂಡೂ ಸುಮ್ಮನಿದ್ದನೋ ಎಂಬುದು ನನಗೆ ಗೊತ್ತಿಲ್ಲ. ಆ ಮನೆಯಲ್ಲಿ ಸತ್ತವರು ಯಾರೆಂದೂ ಗೊತ್ತಿಲ್ಲ. ನಾನು ಕೇಳಿಯೇ ಇಲ್ಲ.