ಸತ್ತ ಟೊಂಗೆಯಲ್ಲಿ ಅರಳಿದ ಗುಲಾಬಿ

೨೦೦೧ರಲ್ಲಿ ನಾನು ಹುನಗುಂದದಲ್ಲಿ ಸಹಾಯಕ ತೋಟಗಾರಿಕೆ ಅಧಿಕಾರಿಯಾಗಿದ್ದೆ. ದಾಳಿಂಬೆ, ನಿಂಬೆ ನೋಡುವುದೇ ದಿನದ ಕೆಲಸ; ಗುಲಾಬಿಗೆ ಔಷಧ ಕೇಳಿಕೊಂಡು ಬರುವವರು ಅಪರೂಪ. ಹಾಗಾಗಿ ಆಗಸ್ಟಿನ ಒಂದು ಮಧ್ಯಾಹ್ನ ಇಳಕಲ್ಲಿನ ನೇಕಾರ ವೀರಭದ್ರಪ್ಪ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಗೇಣುದ್ದದ ಗುಲಾಬಿ ಟೊಂಗೆಯನ್ನು ನನ್ನ ಮೇಜಿನ ಮೇಲೆ ಮಲಗಿಸಿದಾಗ ನನಗೆ ನಗುವೇ ಬಂತು.

ಅರವತ್ತರ ಆಸುಪಾಸಿನ ಆ ಮನುಷ್ಯ ನಗಲಿಲ್ಲ. "ಹಿತ್ತಲದಾಗ ಐದು ನಾಟಿ ಗುಲಾಬಿ ಇದ್ದೂವ್ರಿ ಸಾಹೇಬ್ರ. ಮೂರು ಹೋದೂವು. ನಮ್ಮ ಮನಿಯಾಕಿಗೆ ಕಣ್ಣು ಹೋಗಿ ಎರಡು ವರ್ಷಾತು. ಆ ಹೂ ಮುಟ್ಟಿ, ಮೂಸಿದ್ರನ ಅಕಿಗೆ ಬೆಳಗಾದಂಗ. ಉಳಿದ ಎರಡೂ ಹೋದ್ರ ಹೆಂಗ್ರಿ?"

ಟೊಂಗೆ ತುದಿಯಿಂದ ಕೆಳಕ್ಕೆ ಕಪ್ಪಾಗಿತ್ತು. ಇದಕ್ಕೆ ಡೈಬ್ಯಾಕ್ ಎನ್ನುತ್ತೇವೆ. ಗಾಯದ ಮೂಲಕ ಶಿಲೀಂಧ್ರ ಒಳಹೊಕ್ಕು, ಟೊಂಗೆಯನ್ನು ಮೇಲಿನಿಂದ ಒಣಗಿಸುತ್ತಾ ಬುಡಕ್ಕಿಳಿಯುತ್ತದೆ. ಒಣಗಿದ ಭಾಗಕ್ಕಿಂತ ಎರಡು ಇಂಚು ಕೆಳಗೆ, ಹಸಿ ಕಾಂಡದಲ್ಲೇ ಕತ್ತರಿಸಿ ಸುಡಬೇಕು. ಲೀಟರ್ ನೀರಿಗೆ ಮೂರು ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಸಿಂಪಡಿಸಬೇಕು. ಚೀಟಿ ಬರೆದು ಕಳಿಸಿದೆ. ಐದು ನಿಮಿಷವೂ ಹಿಡಿಯಲಿಲ್ಲ.

ಮೂರು ವಾರಕ್ಕೆ ಮತ್ತೆ ಬಂದರು. ನಾಲ್ಕನೆಯದೂ ಹೋಗಿತ್ತು.

"ಔಷಧ ಹೊಡದೀರಿಲ್ಲೊ?"

"ಹೊಡದೇನ್ರಿ."

"ಟೊಂಗಿ ಕತ್ತರಿಸಿದ್ರಿ?"

ಅವರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. "ಹೇಳಿದ್ದು ಮಾಡೂದಿಲ್ಲಂದ್ರ ಯಾಕ ಬರ್ತೀರಿ?" ಎಂದು ಗದರಿಬಿಟ್ಟೆ. ರಾತ್ರಿಯೆಲ್ಲ ಆ ಮುಖ ನೆನಪಾಗಿ ನಾಚಿಕೆಯಾಯಿತು. ಬೆಳಿಗ್ಗೆಯೇ ಇಳಕಲ್ ಬಸ್ಸು ಹತ್ತಿದೆ.

ಮಳೆ ನಿಂತ ಹೊತ್ತು. ಅವರ ಮನೆಯೊಳಗೆ ನೆಲದ ಕುಣಿಮಗ್ಗಕ್ಕೆ ಹಾಸಿದ ಕೆಂಪು ನೂಲಿನ ಮೇಲೆ ಕಿಟಕಿಯ ಬಿಸಿಲು ಬಿದ್ದಿತ್ತು. ಲಾಳಿಗಳ ಸದ್ದಿಗೆ ಇಡೀ ಓಣಿ ತೂಕಡಿಸುತ್ತಿರುವಂತೆ ಕಂಡಿತು. ಹಿತ್ತಲ ಬಾಗಿಲು ದಾಟಿದವನು ಅಲ್ಲೇ ನಿಂತೆ. ಎಲೆಯೊಂದೂ ಇಲ್ಲದ, ಕಪ್ಪಗೆ ಒಣಗಿದ ಟೊಂಗೆಗಳ ತುಂಬ ಕೆಂಪು ಗುಲಾಬಿ! ದಳಗಳ ಮೇಲಿನ ಹನಿಯೂ ಆರಿರಲಿಲ್ಲ. ಕಣ್ಣುಜ್ಜಿಕೊಂಡು, ಬಾಗಿ ನೋಡಿದೆ. ಪ್ರತಿ ಹೂವಿನ ತೊಟ್ಟನ್ನೂ ತೆಳು ರೇಷ್ಮೆ ಎಳೆಯಿಂದ ಟೊಂಗೆಗೆ ಬಿಗಿಯಲಾಗಿತ್ತು.

ಹಿಂದೆಯೇ ಬಂದ ವೀರಭದ್ರಪ್ಪ ತುಟಿಯ ಮೇಲೆ ಬೆರಳಿಟ್ಟರು. "ಬಸ್ ಸ್ಟ್ಯಾಂಡಿನ ಕಡೆ ಕೊಂಡು ತರ್ತೇನ್ರಿ. ಅಕಿ ಏಳೂದ್ರಾಗ ಕಟ್ಟತೇನಿ. ಟೊಂಗಿ ಕತ್ತರಿಸಿದ್ರ ಎಲ್ಲಿ ಕಟ್ಟಲ್ರಿ? ಅಕಿಗೆ ಗೊತ್ತಾಗ್ತೈತಿ."

ಜೀವವಿದ್ದ ಒಂದೇ ಗಿಡಕ್ಕೂ ಎಳೆ ಸುತ್ತಿದ್ದರು. ಬಿಚ್ಚಿದರೆ ಅದರಡಿ ತೊಗಟೆ ಸೀಳಿ, ನೀರು ನಿಂತು ಕಪ್ಪಾಗಿತ್ತು. ಪಕ್ಕದ ಸತ್ತ ಟೊಂಗೆಗಳ ರೋಗ ಇದಕ್ಕೆ ಹೊಕ್ಕಿದ್ದು ಅಲ್ಲಿಂದಲೇ. ಇವತ್ತು ಕತ್ತರಿಸದಿದ್ದರೆ ಇದೂ ಉಳಿಯುವುದಿಲ್ಲ ಎಂದು ಪಿಸುದನಿಯಲ್ಲಿ ಹೇಳಿದೆ. ಅವರು ಬಿಚ್ಚಿದ ಎಳೆಯನ್ನು ಮತ್ತೆ ಸುತ್ತತೊಡಗಿದರು.

"ಕತ್ತರಸ್ರಿ ಸಾಹೇಬ್ರ," ಎಂದು ಹಿಂದಿನಿಂದ ದನಿ ಬಂತು. ಅವರ ಹೆಂಡತಿ ಕಾಶವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಪ್ಯಾಟಿ ಹೂವಿಗೆ ನಮ್ಮ ಹೂವಿನ ವಾಸನಿ ಎಲ್ಲಿಂದ ಬರಬೇಕು? ಮೊದಲನೇ ದಿನಾನ ಗೊತ್ತಾಗೈತಿ ನನಗ. ಇವರು ಅಷ್ಟು ಅಕ್ಕರತಿಲೆ ಕಟ್ಟತಾರ, ಬ್ಯಾಡನ್ನಾಕ ಮನಸ್ಸು ಬರಲಿಲ್ಲ. ದಿನಾ ಸುಮ್ಮ ಮೂಸಿ ಹೋಗ್ತೇನಿ."

"ಅಯ್ಯ ಇಕಿನ!" ಎಂದು ವೀರಭದ್ರಪ್ಪ ಮೆಟ್ಟಿಲ ಮೇಲೆ ಕುಸಿದು ಮುಖ ಮುಚ್ಚಿಕೊಂಡರು. ನಾನು ಚೀಲದಿಂದ ಕತ್ತರಿ, ಸ್ಪಿರಿಟ್ ತೆಗೆದೆ.

"ಸೀರಿ ಮುಗದ ಮ್ಯಾಲ ಮಗ್ಗದಿಂದ ಕೊಯ್ಯೂದಿಲ್ಲೇನು? ಕೊಯ್ರಿ," ಎಂದರು ಕಾಶವ್ವ.

ಕತ್ತರಿಯನ್ನು ವೀರಭದ್ರಪ್ಪನವರೇ ಹಿಡಿದರು. ಸತ್ತ ನಾಲ್ಕು ಗಿಡ ಕಿತ್ತು ಸುಟ್ಟೆವು. ಐದನೆಯದನ್ನು ಕತ್ತರಿಸುತ್ತಾ ಬಂದೆವು. ಪ್ರತಿ ಸಲವೂ ಅಲಗನ್ನು ಸ್ಪಿರಿಟ್‌ನಿಂದ ಒರೆಸಿದೆ. ಕಾಂಡದ ನಡುವೆ ಕಂದು, ಮತ್ತೆ ಕಂದು. ನೆಲದಿಂದ ಗೇಣೆತ್ತರದಲ್ಲಿ ಕೊನೆಗೂ ರೋಗ ತಾಕದ ಶುದ್ಧ ಬಿಳಿ ಕಂಡಿತು. "ಬೆಳ್ಳಗೈತಿ!" ಎಂದು ಅವರು ಹೆಂಡತಿಗೆ ಕೂಗಿ ಹೇಳಿದರು.

ಹೇಳಿದ್ದನ್ನು ಯಾರಾದರೂ ಮಾಡದಿದ್ದರೆ, ಗದರುವ ಮೊದಲು ಕಾರಣ ಕೇಳಬೇಕೆಂದು ಆ ಹಿತ್ತಲಿನಲ್ಲಿ ಕಲಿತೆ. ಚೀಟಿ ಬರೆಯುವ ಕೈಗೂ ಅಂದಿನಿಂದ ಅವಸರ ಕಡಿಮೆಯಾಯಿತು.

ಡಿಸೆಂಬರಿನಲ್ಲಿ ವೀರಭದ್ರಪ್ಪ ಮತ್ತೆ ಕಚೇರಿಗೆ ಬಂದರು. ಈ ಸಲ ಬರಿಗೈ.

"ಒಂದು ಹೂವಾಗೈತ್ರಿ ಸಾಹೇಬ್ರ," ಎಂದರು. "ನಾ ಇನ್ನೂ ನೋಡಿದ್ದಿಲ್ಲ. ಅಕೀನ ವಾಸನಿ ಹಿಡದು ಒಳಗಿಂದ ಕೂಗಿ ಹೇಳಿದ್ಳು."